ಗೇಟಿನಾಚೆ ನಿಲ್ಲುತ್ತಿದ್ದ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಮಾಳಪ್ಪ, ಇಂಡಿ ತಾಲ್ಲೂಕಿನವನು, ಟಂಟಂ ಎನ್ನುವ ಮೂರು ಗಾಲಿಯ ಗಾಡಿ ಓಡಿಸುತ್ತೇನೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಮುಂದಿಟ್ಟ ಚಹಾ ಆರಿಹೋಗುತ್ತದೆ. ನಾನು ಅಕ್ಷರ ಕಲಿತದ್ದೇ ಮೂವತ್ತಮೂರನೆಯ ವಯಸ್ಸಿಗೆ. ತಪ್ಪು ಕಂಡರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ.

ನಾನು ಹೇಳಹೊರಟಿರುವುದು ವನಮಾಲಾ ಅಕ್ಕೋರ ಬಗ್ಗೆ. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತೇವೆ. ಸಿಟ್ಟು ಬಂದರೆ ಎಲ್ಲರ ದನಿ ಏರುತ್ತದೆ, ಅವರದು ಇಳಿಯುತ್ತಿತ್ತು. ಅವರು ಜೋರಾಗಿ ಕೂಗುತ್ತಿದ್ದರೆ ಮಕ್ಕಳು ನಿಶ್ಚಿಂತೆಯಿಂದ ಆಡಿಕೊಂಡಿರುತ್ತಿದ್ದವು. ಆ ದನಿ ತಗ್ಗಿ ತಗ್ಗಿ, ಎದುರಿಗಿದ್ದವನಿಗಷ್ಟೇ ಕೇಳುವಂತಾದಾಗ ಇಡೀ ವರಾಂಡ ಗಪ್ಪಾಗುತ್ತಿತ್ತು. ಹೆಡ್‌ಮಾಸ್ತರರೂ ಆಗ ಹಾಜರಿ ಪುಸ್ತಕದೊಳಗೆ ಮುಖ ಇಟ್ಟುಬಿಡುತ್ತಿದ್ದರು.

ಗಿಡ್ಡ ಆಳು. ಸಾದಾ ಹತ್ತಿಯ ಸೀರೆ, ಸೆರಗಿನ ತುದಿಗೆ ಯಾವಾಗಲೂ ಸುಣ್ಣದ ಬಿಳಿ. ಕನ್ನಡಕದ ಡಬ್ಬಿ ಇತ್ತು, ಅದರೊಳಗೆ ಚಷ್ಮಾ ಇರುತ್ತಿರಲಿಲ್ಲ, ಸೀಮೆಸುಣ್ಣದ ತುಂಡುಗಳಿರುತ್ತಿದ್ದವು. ಅವರ ಮನೆಮಾತು ಮರಾಠಿ. ಬಾಗೇವಾಡಿಯಲ್ಲಿದ್ದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುವಾಗ ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು. ಫೋನ್ ಇಟ್ಟರೆ ನಗು ಮುಗಿಯಿತು, ಕನ್ನಡ ಶುರು.

ಇಷ್ಟೆಲ್ಲ ಜನರನ್ನು ಹೆದರಿಸುತ್ತಿದ್ದ ಅಕ್ಕೋರು ನನ್ನ ಟಂಟಂಗೆ ಹೆದರುತ್ತಿದ್ದರು. ಒಮ್ಮೆ ಬಸ್ಸು ತಪ್ಪಿ ನನ್ನ ಗಾಡಿ ಹತ್ತಿದ್ದರು. ಎರಡೂ ಕೈಯಿಂದ ಕಬ್ಬಿಣದ ಸರಳು ಹಿಡಿದು, ಕಣ್ಣು ಮುಚ್ಚಿ ಕುಳಿತು ಹೇಳಿದರು, "ಮಾಳಪ್ಪ, ಸಾವಕಾಶ ಹೊಡೀರಿ. ನಂದು ಇನ್ನೂ ಪೋರ್ಶನ್ ಮುಗದಿಲ್ಲ."

ನನ್ನ ಹೆದರಿಕೆ ಬೇರೆಯದು. ಅದನ್ನು ಹೇಳದೆ ಅಕ್ಕೋರ ಬಗ್ಗೆ ಹೇಳಲು ಆಗುವುದಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನಾನು ಅಪ್ಪನ ಹಿಂದೆ ಕುರಿಗಳ ಜೊತೆ ಊರೂರು ತಿರುಗಿದೆ. ದೊಡ್ಡವನಾಗಿ ಗಾಡಿ ಕಲಿತೆ, ಲಿಂಬೆಕಾಯಿ ಚೀಲ ಹೇರತೊಡಗಿದೆ, ಇಸ್ತ್ರಿ ಅಂಗಿ ತೊಟ್ಟೆ. ಅಂಗಿಯ ಜೇಬಿಗೆ ಒಂದು ಪೆನ್ನು ಸಿಗಿಸಿಕೊಂಡೆ. ಆ ಪೆನ್ನೇ ನನ್ನನ್ನು ಕೆಡಿಸಿದ್ದು. ಅದನ್ನು ನೋಡಿ ಎಲ್ಲರೂ ನನಗೆ ಓದು ಬರುತ್ತದೆ ಅಂದುಕೊಂಡರು. ನಾನು ಇಲ್ಲ ಎನ್ನಲಿಲ್ಲ. ಚಹಾದಂಗಡಿಯಲ್ಲಿ ಪೇಪರು ಹಿಡಿದು ಚಿತ್ರ ನೋಡುತ್ತ ಕೂರುತ್ತಿದ್ದೆ. ಅಂಗಡಿಯ ಇಮಾಮಸಾಬ ಕೇಳುತ್ತಿದ್ದ, "ಮಾಳ್ಯಾ, ಏನಂತ ಬರದಾರೋ ಇವತ್ತ?"

"ಮತ್ತೇನ, ನಿನ್ನೆ ಬರದಿದ್ದಽ ಬರದಾರ."

ಯಾರಾದರೂ ಕಾಗದ ಮುಂದೆ ಹಿಡಿದರೆ, ಚಷ್ಮಾ ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎನ್ನುತ್ತಿದ್ದೆ. ನನ್ನ ಹತ್ತಿರ ಚಷ್ಮಾ ಇರಲೇ ಇಲ್ಲ. ಹೆಂಡತಿ ಲಗಮವ್ವನಿಗೂ ಓದು ಬಾರದು, ಆದರೆ ಆಕೆ ಮುಚ್ಚಿಡುತ್ತಿರಲಿಲ್ಲ. "ಬರೂದಿಲ್ಲ ಅಂದ್ರ ಮುಗೀತು. ಯಾರೇನ ಗಲ್ಲಿಗ್ ಹಾಕ್ತಾರ?" ಎನ್ನುತ್ತಿದ್ದಳು. ನನಗೆ ಆ ಒಂದು ಮಾತು ಬಾಯಿಂದ ಹೊರಡುತ್ತಿರಲಿಲ್ಲ. ವರ್ಷ ಕಳೆದಂತೆ ಸುಳ್ಳು ಬೆಳೆಯಿತು, ಅದರ ಬೆನ್ನಿಗೆ ಅಂಜಿಕೆಯೂ ಬೆಳೆಯಿತು.

ಮಗಳು ಭಾಗ್ಯಶ್ರೀ, ಮನೆಯಲ್ಲಿ ಭಾಗಿ, ಒಂದನೇ ತರಗತಿಗೆ ಸೇರಿದಳು. ಅಲ್ಲಿ ಅಕ್ಕೋರು ಹಾಕಿಕೊಟ್ಟ ಒಂದು ರೂಢಿ ಇತ್ತು. ಅದಕ್ಕೆ ಊರಲ್ಲಿ ದಾಟಿಸೋದು ಎನ್ನುತ್ತಿದ್ದರು. ಏಪ್ರಿಲ್ಲಿನಲ್ಲಿ ಶಾಲೆ ಮುಚ್ಚುವ ಮುನ್ನಾದಿನ ಊರವರೆಲ್ಲ ಬಂದು ಶಾಲೆಗೆ ಸುಣ್ಣ ಹಚ್ಚುವುದು, ನೀರಿನ ಟಾಕಿ ತೊಳೆಯುವುದು. ಹೆಣ್ಣುಮಕ್ಕಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದರು. ಮರುದಿನ ದಾಟಿಸೋದು. ಪ್ರತಿ ಖೋಲಿಯ, ಅಂದರೆ ತರಗತಿ ಕೋಣೆಯ, ಹೊಸ್ತಿಲಿಗೆ ಒಂದು ರಂಗೋಲಿಯ ಗೆರೆ. ಪ್ರತಿ ಮಗುವಿನ ಮನೆಯ ಹಿರಿಯರೊಬ್ಬರು ಮಗುವಿನ ಕೈ ಹಿಡಿದು ಹಳೆಯ ಖೋಲಿಯಿಂದ ಹೊಸ ಖೋಲಿಗೆ ಕರೆದೊಯ್ಯಬೇಕು. ಗೆರೆಯ ಮೇಲೆ ನಿಂತು, ಆ ಮಗುವಿನ ಬಗ್ಗೆ ಅಕ್ಕೋರು ಬರೆದ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಆಮೇಲೆ ಮಗುವಿನ ಕೈಯನ್ನು ಮುಂದಿನ ತರಗತಿಯ ಮಾಸ್ತರರ ಕೈಗೆ ಕೊಡಬೇಕು. ಓದು ಬಾರದವರು ಬಾರದು ಎಂದರೆ ಸಾಕು, ಅಕ್ಕೋರೇ ಓದುತ್ತಿದ್ದರು.

ಇಷ್ಟೆಲ್ಲ ಯಾಕೆ ಎಂದು ಒಬ್ಬರು ಕೇಳಿದಾಗ ಅಕ್ಕೋರು ಹೇಳಿದ್ದು ನೆನಪಿದೆ. "ನಾಕ ಮಂದಿ ಮುಂದ ಕೈ ಕೊಟ್ಟ ಮ್ಯಾಲೆ ಸಾಲಿ ಬಿಡಸಲಿಕ್ಕೆ ಮಾರಿ ಇರಬಾರದು. ಅದಕ್ಕ."

ಏಳನೇ ತರಗತಿ ಮುಗಿದ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಮುಂದಿನ ಖೋಲಿ ಇಲ್ಲ. ಹೈಸ್ಕೂಲಿಗೆ ಬಸ್ಸು ಹತ್ತಿ ಇಂಡಿಗೆ ಹೋಗಬೇಕು. ಅವರನ್ನು ಗೇಟು ದಾಟಿಸುತ್ತಿದ್ದರು. ಗೇಟಿನ ಹೊರಗೆ ಕೈ ಹಿಡಿದುಕೊಳ್ಳಲು ಯಾರೂ ಇಲ್ಲವಲ್ಲ, ಅದಕ್ಕೆ ಅಕ್ಕೋರೇ ಹೋಗಿ ರಸ್ತೆಯ ಬದಿ, ಬಸ್ಸು ನಿಲ್ಲುವ ಕಲ್ಲಿನ ಹತ್ತಿರ, ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಬಂದ ಪ್ರತಿ ಮಗುವಿನ ಕೈ ಹಿಡಿದು, "ಬಾ, ಇಲ್ಲೂ ಮಂದಿ ಇದ್ದೀವಿ" ಎನ್ನುತ್ತಿದ್ದರು. ಅಷ್ಟೇ ಮಾತು.

ಮೊದಲ ವರ್ಷ ನಾನು ಓಡಿಹೋದೆ. ಹಿಂದಿನ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಬಾರದು ಅಂದರೆ ಇಮಾಮಸಾಬ ಕೇಳುತ್ತಾನೆ, ಇಷ್ಟು ದಿನ ನೋಡುತ್ತಿದ್ದ ಪೇಪರು ಏನೆಂದು. ಓದಲು ನಿಂತರೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಎದ್ದವನೇ, "ಇಂಡಿಗೆ ಲಿಂಬಿಕಾಯಿ ಲೋಡ್ ಐತಿ" ಎಂದು ಲಗಮವ್ವನಿಗೆ ಹೇಳಿ ಗಾಡಿ ತೆಗೆದೆ. ಆಕೆಗೂ ಅಂದು ಹೊಲದ ಕೆಲಸ. ಶಾಲೆಯ ಗೋಡೆಯ ಪಕ್ಕದಲ್ಲೇ ದಾರಿ. ಒಳಗಿನಿಂದ ಮೈಕು ಕೇಳುತ್ತಿತ್ತು. ನಾನು ತಲೆ ತಗ್ಗಿಸಿ ಗಾಡಿ ಜೋರು ಮಾಡಿದೆ.

ಸಂಜೆ ಭಾಗಿ ಮಡಚಿದ ಚೀಟಿ ತಂದು ನನ್ನ ಕೈಯಲ್ಲಿಟ್ಟಳು. "ಅಪ್ಪಾ, ಇದನ್ನ ನೀನಽ ಓದಬೇಕಂತ. ಅಕ್ಕೋರು ಹೇಳ್ಯಾರ."

ಯಾಕೆ ಬರಲಿಲ್ಲ ಎಂದು ಆಕೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಅಕ್ಕೋರೇ ಕೈ ಹಿಡಿದು ದಾಟಿಸಿದರೆಂದು ಬೇರೆಯವರಿಂದ ತಿಳಿಯಿತು.

ಆ ಚೀಟಿಯನ್ನು ಮೊಬೈಲಿನ ಕವರಿನ ಹಿಂದೆ ಇಟ್ಟುಕೊಂಡೆ. ಒಂದು ವರ್ಷ ಅದು ಅಲ್ಲೇ ಇತ್ತು. ಯಾರ ಕೈಗೆ ಕೊಟ್ಟು ಓದಿಸಲಿ? ಅದರಲ್ಲಿ ‘ಈ ಹುಡುಗಿಯ ಅಪ್ಪ ಬರಲಿಲ್ಲ’ ಎಂದು ಬರೆದಿದೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ಫೋನು ಕಿವಿಗಿಟ್ಟುಕೊಂಡಾಗಲೆಲ್ಲ ಆ ಕಾಗದ ಕೆನ್ನೆಗೆ ಹತ್ತಿದಂತಾಗುತ್ತಿತ್ತು. ಹರಿದು ಒಗೆಯಲು ಎರಡು ಸಲ ಹೊರತೆಗೆದೆ, ಆಗಲಿಲ್ಲ.

ಮುಂದಿನ ಏಪ್ರಿಲ್ ಬಂತು. ಸುಣ್ಣ ಹಚ್ಚುವ ದಿನ ತಪ್ಪಿಸಿಕೊಳ್ಳಲು ಆಗಲಿಲ್ಲ, ಯಾಕೆಂದರೆ ಸುಣ್ಣದ ಚೀಲ ತರುವ ಗಾಡಿಯೇ ನನ್ನದು. ಗೋಡೆಗೆ ಸುಣ್ಣ ಆಯಿತು. ಖೋಲಿಗಳ ಬಾಗಿಲ ಮೇಲಿದ್ದ ತಗಡಿನ ಫಲಕಗಳನ್ನು ತೆಗೆದು, ತೊಳೆದು, ಬಿಸಿಲಿಗೆ ಒಣಹಾಕಿದ್ದರು. ಹೆಡ್‌ಮಾಸ್ತರರು ನನ್ನನ್ನು ನೋಡಿ, "ಮಾಳಪ್ಪ, ನೀವು ಎತ್ತರ ಅದೀರಿ, ಅವನ್ನ ಹಚ್ಚಿಬಿಡ್ರಿ" ಎಂದು ಹೇಳಿ ರೊಟ್ಟಿ ತಿನ್ನಲು ಹೋದರು. ಎಲ್ಲರೂ ಅವರ ಹಿಂದೆ ಹೋದರು.

ಅಂಕಿ ನನಗೆ ಬರುತ್ತಿದ್ದವು. ಆದರೆ ಆ ಫಲಕಗಳ ಮೇಲೆ ಅಂಕಿ ಇರಲಿಲ್ಲ. ಒಂದನೇ ತರಗತಿ, ಎರಡನೇ ತರಗತಿ ಎಂದು ಅಕ್ಷರದಲ್ಲಿ ಬರೆಸಿದ್ದರು. ಏಳು ತಗಡು, ಏಳು ಬಾಗಿಲು. ನಾನು ಒಬ್ಬನೇ. ಕೈ ಬೆವತು ಮೊಳೆ ಜಾರುತ್ತಿತ್ತು. ಒಣಹಾಕಿದವರು ಸಾಲಾಗಿಯೇ ಇಟ್ಟಿರುತ್ತಾರೆ ಎಂದು ಲೆಕ್ಕ ಹಾಕಿದೆ. ಎಡಗಡೆಯ ತಗಡು ಎಡಗಡೆಯ ಬಾಗಿಲಿಗೆ, ಹಾಗೇ ಏಳೂ ಬಡಿದೆ.

ಊಟ ಮುಗಿಸಿ ಜನ ಬಂದರು. ಹೆಡ್‌ಮಾಸ್ತರರು ನಿಂತಲ್ಲೇ ನಿಂತರು. "ಇದೇನ್ರಿ ಇದು? ಏಳನೇತ್ತಾ ಫಲಕ ತಂದು ಒಂದನೇತ್ತಾ ಬಾಗಲಕ್ಕ ಹಚ್ಚ್ಯಾರ. ಇಲ್ಲಿ ಐದು, ಅಲ್ಲಿ ಎರಡು. ಯಾರ ಹಚ್ಚಿದವ್ರು?"

ಯಾರೋ ನಕ್ಕರು. ಇಮಾಮಸಾಬ ನನ್ನ ಕಡೆ ತಿರುಗಿದ. ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಭಾಗಿ ಅಲ್ಲೇ, ಟಾಕಿಯ ಹತ್ತಿರ, ಗೆಳತಿಯರ ಜೊತೆ ನಿಂತಿದ್ದಳು. ಎರಡನೇ ತರಗತಿಯ ಹುಡುಗಿ. ಆ ಫಲಕಗಳನ್ನು ಆಕೆ ಓದಬಲ್ಲಳು.

ಅಕ್ಕೋರು ವರಾಂಡದ ಈ ತುದಿಯಿಂದ ಆ ತುದಿಯವರೆಗೆ ನಡೆದು ಏಳೂ ಬಾಗಿಲು ನೋಡಿದರು. ಆಮೇಲೆ ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು, "ನಾನಽ ಹೇಳೀನ್ರಿ ಸರ್, ಹಿಂಗಽ ಹಚ್ಚ್ರಿ ಅಂತ. ಈ ವರ್ಷ ಖೋಲಿ ಬದಲ ಮಾಡೋದದ. ಸಣ್ಣ ಹುಡುಗೂರು ನೀರಿನ ಟಾಕಿ ಹತ್ರ ಇರಬೇಕು. ದೊಡ್ಡವ್ರು ಗೇಟಿನ ಹತ್ರ ಇರಲಿ, ಹೆಂಗೂ ಹೊರಗ ಹೋಗವ್ರು."

"ನನಗ ಹೇಳಲೇ ಇಲ್ಲಲ್ರಿ ಅಕ್ಕೋರ."

"ಮರತಿದ್ದೆ. ಈಗ ಹೇಳ್ದೆ. ಎಲ್ಲಾರೂ ಬೆಂಚು ಎತ್ರಿ."

ಜನ ಗೊಣಗುತ್ತ ಏಳು ಖೋಲಿಯ ಬೆಂಚು, ಕಪಾಟು, ಚಾಪೆ ಎಲ್ಲ ಹೊತ್ತರು. ಬಿಸಿಲು ಇಳಿಯುವವರೆಗೂ ಹೊತ್ತರು. ನಾನು ಎಲ್ಲರಿಗಿಂತ ಹೆಚ್ಚು ಹೊತ್ತೆ. ಇವತ್ತಿಗೂ ನಮ್ಮ ಶಾಲೆಯಲ್ಲಿ ಖೋಲಿಗಳು ಹಿಂದುಮುಂದಾಗಿಯೇ ಇವೆ. ಹೊಸದಾಗಿ ಬರುವ ಮಾಸ್ತರರು ಇದೇನು ಕ್ರಮ ಎಂದು ಕೇಳುತ್ತಾರೆ. ನಿಜವಾದ ಕಾರಣ ಯಾರಿಗೂ ಗೊತ್ತಿಲ್ಲ. ಈಗ ನಿಮಗೆ ಗೊತ್ತಾಯಿತು.

ಎಲ್ಲರೂ ಹೋದ ಮೇಲೆ ಅಕ್ಕೋರು ನನ್ನ ಗಾಡಿಯ ಹತ್ತಿರ ಬಂದರು. ಅವರ ದನಿ ಎಷ್ಟು ಇಳಿದಿತ್ತೆಂದರೆ ನಾನು ಬಾಗಿ ಕೇಳಬೇಕಾಯಿತು. "ನಾಳೆ ಚೀಟಿ ಹುಡುಗೂರಽ ಓದ್ತಾವ, ಹಿರ್ಯಾರು ಕೇಳ್ತಾರ. ಈ ವರ್ಷ ಹಂಗ. ಮುಂದಿನ ವರ್ಷ ನಾ ಬಿಡೂದಿಲ್ಲ. ಬ್ಯಾಸಗಿ ಸೂಟಿಯೊಳಗ ದಿನಾ ಮಧ್ಯಾಹ್ನ ನಮ್ಮ ಮನಿಗೆ ಬಾ."

"ಯಾರರೆ ನೋಡಿದ್ರ..."

"ಲಿಂಬಿಕಾಯಿ ತಂದೇನಿ ಅನ್ನು. ಒಂದು ಕೈಯಾಗ ಹಿಡಕೊಂಡು ಬಾ."

ಅಲ್ಲಿಯವರೆಗೆ ನನಗೆ ‘ನೀವು’ ಎನ್ನುತ್ತಿದ್ದರು. ಅವತ್ತಿನಿಂದ ನಾನು ಅವರಿಗೆ ‘ನೀ’ ಆದೆ. ವಿದ್ಯಾರ್ಥಿ ಆದೆ.

ಆ ಬೇಸಿಗೆ ಊರು ಬಾಗಿಲು ಹಾಕಿಕೊಂಡು ಮಲಗಿರುವಾಗ ನಾನು ಕೈಯಲ್ಲಿ ಎರಡು ಲಿಂಬೆಕಾಯಿ ಹಿಡಿದು ಕಳ್ಳನಂತೆ ಅವರ ಮನೆಗೆ ಹೋಗುತ್ತಿದ್ದೆ. ಮೊದಲ ದಿನ ಗಾಡಿಯ ಹ್ಯಾಂಡಲ್ ಹಿಡಿದಂತೆ ಹಿಡಿದು ಸೀಮೆಸುಣ್ಣದ ತುಂಡನ್ನೇ ಮುರಿದೆ. ಅಕ್ಕೋರು ನನಗೆ ಮಕ್ಕಳ ಪುಸ್ತಕ ಕೊಡಲಿಲ್ಲ. "ನೀ ದಿನಾ ನೋಡೂದು ಬಸ್ಸಿನ ಬೋರ್ಡು. ಅದಽ ನಿನ್ನ ಪುಸ್ತಕ" ಎಂದರು. ಇಂಡಿ ಮೊದಲು ಬಂತು, ಎರಡೇ ಅಕ್ಷರ. ವಾರ ಕಳೆದು ಸಿಂದಗಿ. ಮುದ್ದೇಬಿಹಾಳದ ಒತ್ತಿಗೆ ಬಂದಾಗ ಹದಿನೈದು ದಿನ ಅಲ್ಲೇ ಸಿಕ್ಕಿಕೊಂಡೆ.

"ನನ್ನ ಕೈಲಿ ಆಗೂದಿಲ್ರಿ ಅಕ್ಕೋರ. ಇದು ಕೆಸರಾಗ ಗಾಲಿ ಹುಗದ ಹಂಗ ಹುಗೀತು."

"ಹುಗದ ಗಾಡಿ ಬಿಟ್ಟು ಮನಿಗೆ ಹೋಗ್ತೀಯೇನು ನೀ?"

"ಇಲ್ರಿ."

"ಹಂಗಾರ ತಳ್ಳು. ಬಸವನ ಬಾಗೇವಾಡಿ ಓದಿದ ದಿನ ನೀ ಪಾಸು."

ಬಾಗೇವಾಡಿ ಓದುವ ಮೊದಲೇ ನಾನು ಒಂದು ದಿನ ಸಿಂದಗಿ ರಸ್ತೆಯ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿ, ಫೋನಿನ ಕವರು ತೆಗೆದೆ. ಮಡಿಕೆಗಳು ಹರಿಯುವಂತಾಗಿದ್ದವು. ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ. ಅದರಲ್ಲಿ ಇದ್ದದ್ದು ಇಷ್ಟು: ‘ಭಾಗ್ಯಶ್ರೀ ತನ್ನ ಅಪ್ಪನ ಟಂಟಂ ಸಪ್ಪಳವನ್ನು ನೂರು ಗಾಡಿಗಳ ನಡುವೆ ಗುರುತು ಹಿಡಿಯುತ್ತಾಳೆ.’

ನನ್ನ ಮೇಲೆ ಒಂದು ದೂರೂ ಇರಲಿಲ್ಲ. ಆದರೂ ಹೆಚ್ಚು ಹೆದರಿಕೆಯಾಯಿತು, ಅವತ್ತು ಗೋಡೆಯ ಪಕ್ಕ ಹೋದ ಸಪ್ಪಳವೂ ಅವಳಿಗೆ ಕೇಳಿರಬೇಕಲ್ಲ. ಮನೆಗೆ ಬಂದು ಭಾಗಿಯನ್ನು ಕೇಳಿದೆ, "ಹ್ವಾದ ವರ್ಷ ದಾಟಿಸೋ ದಿನ ನನ್ನ ಗಾಡಿ ಸಪ್ಪಳ ಕೇಳಿಸಿತ್ತೇನವಾ?"

"ಕೇಳಿತ್ತು. ಅಕ್ಕೋರಿಗೆ ಹೇಳಿದ್ನಲ್ಲ, ನಮ್ಮಪ್ಪ ಹೊಂಟ ನೋಡ್ರಿ ಅಂತ."

"ಅವ್ರೇನಂದ್ರು?"

"ಲೋಡ್ ಇರಬೇಕು, ಇನ್ನೊಮ್ಮೆ ಬರ್ತಾನ ಅಂದ್ರು."

ಹಾಗಾದರೆ ನಾನು ತಪ್ಪಿಸಿಕೊಂಡದ್ದು ಅಕ್ಕೋರಿಗೆ ಮೊದಲಿನಿಂದಲೂ ತಿಳಿದಿತ್ತು. ಒಂದು ವರ್ಷ ಅವರು ನನ್ನನ್ನು ಕಾಯುತ್ತಿದ್ದರು.

ಮೂರರಿಂದ ನಾಲ್ಕಕ್ಕೆ ದಾಟಿಸುವಾಗ ನಾನು ಗೆರೆಯ ಮೇಲೆ ನಿಂತು ಓದಿದೆ. ಒಂದು ಸಾಲಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ ಮುಂದಿನ ಮಗುವಿನ ಅಜ್ಜಿ ಅಲ್ಲೇ ಕುಳಿತುಬಿಟ್ಟಳು. "ಯಾಕೋ ಮಾಳ್ಯಾ, ಚಷ್ಮಾ ಮನ್ಯಾಗ ಬಿಟ್ಟಿಯೇನು?" ಎಂದ ಇಮಾಮಸಾಬ.

"ಚಷ್ಮಾ ಇಲ್ಲೋ ಮಾರಾಯಾ, ಯಾವತ್ತೂ ಇದ್ದಿಲ್ಲ. ಓದಾಕಽ ಈಗ ಕಲ್ತೇನಿ" ಎಂದುಬಿಟ್ಟೆ. ಅವನು ನನ್ನ ಜೇಬಿನ ಪೆನ್ನು ಮುಟ್ಟಿ ನೋಡಿದ. "ಹಂಗಾರ ನಾಳಿಂದ ಪೇಪರ್ ನೀನಽ ಓದು, ನನಗೂ ಎಲ್ಲಿ ಬರತೈತಿ" ಎಂದ.

ಅಕ್ಕೋರು ಎರಡು ವರ್ಷದ ಹಿಂದೆ ನಿವೃತ್ತರಾಗಿ ಬಾಗೇವಾಡಿಗೆ, ತಂಗಿಯ ಮನೆಗೆ ಹೋದರು. ಚೀಟಿ ಬರೆಯುವುದನ್ನು ಬೇರೆ ಮಾಸ್ತರರು ಮುಂದುವರಿಸಿದರು. ಗೇಟಿನ ಹೊರಗೆ ಮಾತ್ರ ಯಾರೂ ಹೋಗಲಿಲ್ಲ. ಹೋದ ವರ್ಷ ಏಳನೇ ತರಗತಿಯ ಮಕ್ಕಳು ಗೇಟು ದಾಟಿ, ಖಾಲಿ ರಸ್ತೆ ನೋಡಿ, ಒಂದು ಕ್ಷಣ ನಿಂತು, ಹಾಗೇ ಚದುರಿ ಹೋದವು. ಅವರಲ್ಲಿ ಮೂರು ಹೆಣ್ಣುಮಕ್ಕಳು ಜೂನಿನಲ್ಲಿ ಇಂಡಿಯ ಬಸ್ಸು ಹತ್ತಲಿಲ್ಲ.

ಮುಂದಿನ ಸರದಿ ಭಾಗಿಯದು. ನನಗೆ ಹಳೆಯ ಹೆದರಿಕೆ ಮತ್ತೆ ಬಂತು. ಬೆಳಿಗ್ಗೆಯ ಬಸ್ಸು ನಾನು ದಿನಾ ನೋಡುತ್ತೇನೆ, ಮಕ್ಕಳು ಬಾಗಿಲಿಗೆ ಜೋತುಬಿದ್ದು ಹೋಗುತ್ತಾರೆ. ಸಂಜೆ ಬಸ್ಸು ಬಾರದಿದ್ದರೆ ಏನು ಗತಿ? ಮೊಬೈಲು ತೆರೆದರೆ ಸಾಕು, ಹೆಣ್ಣುಮಕ್ಕಳದೇ ಸುದ್ದಿ. ಓದಲು ಕಲಿತಿದ್ದೇ ತಪ್ಪಾಯಿತೇನೋ ಎನ್ನಿಸುವಷ್ಟು ಓದುತ್ತಿದ್ದೆ. ಏಳಕ್ಕೆ ಸಾಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ. ಆದರೆ ಅಕ್ಕೋರಿಗೆ ಹೇಳದೆ ಹಾಗೆ ಮಾಡಲು ಧೈರ್ಯ ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಬೋರ್ಡು ಓದಿ, ಬಸವನ ಬಾಗೇವಾಡಿ ಬಸ್ಸು ಹತ್ತಿದೆ. ಕೈಯಲ್ಲಿ ಎರಡು ಲಿಂಬೆಕಾಯಿ.

ಅಕ್ಕೋರು ಮಂಚದ ಮೇಲಿದ್ದರು. ಬಹಳ ಇಳಿದುಹೋಗಿದ್ದರು. "ಬಾ ಮಾಳಪ್ಪ" ಎಂದರು, ಎಷ್ಟು ಮೆಲ್ಲಗೆ ಎಂದರೆ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ದನಿ ಸಿಟ್ಟಿನದೋ ಬೇನೆಯದೋ ನನಗೆ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ನಾನು ಬಸ್ಸಿನ ಬಗ್ಗೆ, ಕಾಲ ಕೆಟ್ಟಿರುವ ಬಗ್ಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅಂಜಿಕಿ ಯಾರಿಗದ? ಭಾಗಿಗೋ ನಿನಗೋ?"

"ನನಗಽರಿ."

"ಹಂಗಾರ ಅದನ್ನ ನಿನ್ನ ಹತ್ರಽ ಇಟಗೊ. ಆಕಿ ಪಾಟಿಚೀಲದಾಗ ತುಂಬಬ್ಯಾಡ. ಮೊದಲಽ ಪುಸ್ತಕ ಭಾಳ ಭಾರ ಇರ್ತಾವ."

ನಾನು ಕೇಳಿದೆ, "ಈ ಸಲ ಆಕಿ ಚೀಟಿ ನೀವಽ ಬರದು ಕೊಡ್ರಿ ಅಕ್ಕೋರ."

ಅವರು ತಮ್ಮ ಬೆರಳು ತೋರಿಸಿದರು. ನಡುಗುತ್ತಿದ್ದವು. "ನೀ ಬರಿ."

"ನನಗ ಓದಾಕಷ್ಟ ಬರ್ತೈತ್ರಿ. ಬರಿಯಾಕ ಅಂಜಿಕಿ."

"ಅಂಜಕೋತಽ ಬರಿ. ಅಂಜಿ ಬರದ ಅಕ್ಷರ ದುಂಡಗ ಬರ್ತಾವ."

ಹೊರಡುವಾಗ ಲಿಂಬೆಕಾಯಿಗಳನ್ನು ದಿಂಬಿನ ಪಕ್ಕ ಇಟ್ಟೆ. ಅವರು ಒಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಟಂಟಂನಲ್ಲಿ ಮುಚ್ಚಿಕೊಂಡಿದ್ದರಲ್ಲ, ಹಾಗೇ.

ಎಳ್ಳಮಾವಾಸ್ಯೆಯ ಮುಂದೆ ಅವರ ತಂಗಿಯ ಫೋನು ಬಂತು. ನಾನು ಗಾಡಿಯಲ್ಲಿದ್ದೆ. ಅಕ್ಕೋರು ಹೋಗಿಬಿಟ್ಟರೆಂದು ಕೇಳಿ, ಗಾಡಿ ಬದಿಗೆ ಹಾಕಿದೆ.

ಈ ಏಪ್ರಿಲ್ಲಿನಲ್ಲಿ ದಾಟಿಸೋ ದಿನ ಬಂತು. ನಾಲ್ಕು ದಿನ ಕುಳಿತು, ಆರು ಹಾಳೆ ಕೆಡಿಸಿ ಎರಡು ಸಾಲು ಬರೆದಿದ್ದೆ. ವರಾಂಡದಲ್ಲಿ ನಿಂತು ಅದನ್ನು ಓದಿದೆ: ‘ಭಾಗ್ಯಶ್ರೀ ಇನ್ನು ಬಸ್ಸಿನಲ್ಲಿ ಹೋಗುತ್ತಾಳೆ. ಅಂಜಿಕೆ ಅವಳ ಅಪ್ಪನ ಹತ್ತಿರ ಇರುತ್ತದೆ.’ ಇಮಾಮಸಾಬ ಟೋಪಿ ಸರಿಮಾಡಿಕೊಂಡ.

ಆಮೇಲೆ ಮಗಳ ಕೈಯನ್ನು ಲಗಮವ್ವನ ಕೈಗೆ ಕೊಟ್ಟು ನಾನು ಮುಂದೆ ನಡೆದೆ. ಗೇಟು ದಾಟಿ, ಬಸ್ಸು ನಿಲ್ಲುವ ಕಲ್ಲಿನ ಹತ್ತಿರ ಹೋಗಿ ನಿಂತೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅವರು ಇಲ್ಲಿಂದ ಇದನ್ನೇ ನೋಡುತ್ತಿದ್ದರು ಎಂದು ಆಗ ತಿಳಿಯಿತು: ಗೇಟಿನೊಳಗೆ ಮಕ್ಕಳ ಸಾಲು, ಇಷ್ಟಿಷ್ಟೇ ಮುಖಗಳು, ಎಲ್ಲರ ಕಣ್ಣೂ ಹೊರಗಿನ ರಸ್ತೆಯ ಮೇಲೆ. ಅವರಿಗೂ ಪ್ರತಿ ವರ್ಷ ಅಂಜಿಕೆ ಆಗಿರಬೇಕು. ಎಷ್ಟು ಕೈ ಜೂನಿಗೆ ಬಸ್ಸಿನ ಸರಳು ಹಿಡಿಯುತ್ತವೆ, ಎಷ್ಟು ಹಿಡಿಯುವುದಿಲ್ಲ ಎಂದು.

ಒಂದೊಂದೇ ಮಗು ಬಂತು. ಅಕ್ಕೋರ ಮಾತನ್ನೇ ಹೇಳಿದೆ, "ಬಾ, ಇಲ್ಲೂ ಮಂದಿ ಇದ್ದೀವಿ." ಕೊನೆಗೆ ಲಗಮವ್ವ ಭಾಗಿಯನ್ನು ಕರೆತಂದಳು. ಮಗಳ ಕೈ ಹಿಡಿದೆ. ಮಾತು ಹೇಳಿ ಮುಗಿದರೂ ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಮೆಲ್ಲಗೆ, ನನಗಷ್ಟೇ ಕೇಳುವಂತೆ ಹೇಳಿದಳು, "ಅಪ್ಪಾ, ಈಗ ಕೈ ಬಿಡು."

ಆ ದನಿ ನನಗೆ ಗುರುತಿತ್ತು. ಬಿಟ್ಟೆ.

ಜೂನಿಗೆ ಇನ್ನೂ ದಿನಗಳಿವೆ, ನಾನು ಇನ್ನೂ ಹೆದರುತ್ತಲೇ ಇದ್ದೇನೆ. ಓದಿದ ನಿಮಗೆ ಒಂದು ಮಾತು ಕೇಳುತ್ತೇನೆ. ನೀವು ಶಾಲೆ ಮುಗಿಸಿ ಹೊರಗೆ ಬಂದ ದಿನ, ಗೇಟಿನಾಚೆ ನಿಮಗಾಗಿ ಯಾರು ನಿಂತಿದ್ದರು? ನೆನಪಿದ್ದರೆ ಎರಡು ಸಾಲು ಬರೆಯಿರಿ. ಉದ್ದ ಇದ್ದರೂ ಪರವಾಗಿಲ್ಲ, ನಿಧಾನ ಆಗುತ್ತದೆ, ಆದರೆ ನಾನೇ ಓದುತ್ತೇನೆ.